ಬೆಂಡಿನ ಪುಡಿ ಬಣ್ಣ ಹಿಡಿದೀತು, ಉಪ್ಪು ಹಿಡಿಯದು

ಮೆಕ್ಕೆಜೋಳದ ರಾಶಿ ಮುಗಿದು ಕಾಳು ಪೇಟೆ ಸೇರಿದ ಮೇಲೆ ಕಣದ ಮಗ್ಗುಲಲ್ಲಿ ಬೆಂಡಿನ ಗುಡ್ಡೆ ಉಳಿಯುತ್ತದೆ. ಒಂದಿಷ್ಟು ಒಲೆಗೆ ಹೋಗುತ್ತದೆ, ಉಳಿದದ್ದಕ್ಕೆ ಬದುವಿನ ಮೇಲೆ ಬೆಂಕಿ. ಶೇಂಗಾ ಸಿಪ್ಪೆ, ಭತ್ತದ ಉಮಿ, ತೆಂಗಿನ ನಾರಿನ ಪುಡಿಯ ಪಾಡೂ ಹಲವು ಕಡೆ ಹೀಗೇ. ಇನ್ನೊಂದು ಕಡೆ ನೋಡಿ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗ, ಎಲ್ಲದಕ್ಕೂ ಬಣ್ಣದ ನೂಲು ಬೇಕು. ಲಡಿ ಅದ್ದಿ, ಹಿಂಡಿ, ನಾಲ್ಕಾರು ಸಲ ಜಾಲಿಸಿದ ನೀರು ಎಲ್ಲಿಗಾದರೂ ಹೋಗಲೇಬೇಕು. ಸಂಸ್ಕರಿಸದೆ ಬಿಟ್ಟರೆ ಅದು ಚರಂಡಿ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಪಕ್ಕದ ಹೊಲದ ಬಾವಿಗೆ ಇಳಿಯುತ್ತದೆ.

ಕಣದಲ್ಲಿ ಸುಡುವ ಬೆಂಡಿನಿಂದ ಆ ನೀರಿನ ಬಣ್ಣ ತೆಗೆಯಬಹುದೇ ಎಂದು ರೈತ ಗುಂಪುಗಳು ಕೇಳತೊಡಗಿವೆ. ತೆಗೆಯಬಹುದು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಿಂದಲೇ ಬಾಳೆದಿಂಡು, ಕಿತ್ತಳೆ ಸಿಪ್ಪೆ, ತೆಂಗಿನ ನಾರಿನ ಪುಡಿಯ ಮೇಲೆ ಇಂಥ ಪ್ರಯೋಗಗಳು ನಡೆದಿವೆ. ಆದರೆ ಎಲ್ಲ ಬಣ್ಣವನ್ನೂ ಎಲ್ಲ ಪುಡಿ ಹಿಡಿಯುವುದಿಲ್ಲ. ಬಣ್ಣ ಹೋದ ನೀರೆಲ್ಲ ಹೊಲಕ್ಕೆ ಯೋಗ್ಯವೂ ಅಲ್ಲ. ಈ ಎರಡು ಮಾತು ತಿಳಿಯದೆ ಕೈಹಾಕಿದರೆ ನಷ್ಟ ರೈತನದೇ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ದನದ ಗಾಯಕ್ಕೆ ಹಚ್ಚುವ ನೇರಳೆ ಔಷಧಿ, ಜೆನ್ಶಿಯನ್ ವಯಲೆಟ್, ನಿಮಗೆ ಗೊತ್ತೇ ಇದೆ. ಅದೂ ಒಂದು ಬಣ್ಣವೇ. ಒಂದು ಲೀಟರ್ ನೀರಿಗೆ ಅದರ ಕೆಲವೇ ಹನಿ ಹಾಕಿ, ತೆಳು ನೇರಳೆ ಮಾಡಿಕೊಳ್ಳಿ. ಇನ್ನೊಂದು ಬಾಟಲಿಯಲ್ಲಿ ಹತ್ತಿ ನೂಲಿಗೆ ಕೆಂಪು ಹಾಕಿದ ಬಣ್ಣಗಾರರಿಂದ ಜಾಲಿಸಿದ ನೀರು ತಂದಿಡಿ. ಬೆಂಡನ್ನು ಕುಟ್ಟಿ, ರವೆಯಷ್ಟು ಜರಡಿ ಹಿಡಿದು, ತಿಳಿ ನೀರು ಬರುವವರೆಗೆ ತೊಳೆದು ಒಣಗಿಸಿದ ಪುಡಿಯನ್ನು ಎರಡಕ್ಕೂ ಹತ್ತತ್ತು ಗ್ರಾಂ ಹಾಕಿ. ಆಗಾಗ ಅಲುಗಾಡಿಸುತ್ತ ಎರಡು ತಾಸು ಬಿಟ್ಟು ಬಟ್ಟೆಯಲ್ಲಿ ಸೋಸಿ. ಕೈಗೆ ರಬ್ಬರ್ ಗವಸು ಇರಲಿ, ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.

ನೇರಳೆ ನೀರು ಬಹುತೇಕ ತಿಳಿಯಾಗಿ, ಬಟ್ಟೆಯಲ್ಲಿ ಉಳಿದ ಪುಡಿ ಕಡುನೇರಳೆಯಾಗಿರುತ್ತದೆ. ಕೆಂಪು ನೀರು ಹೆಚ್ಚುಕಡಿಮೆ ಕೆಂಪಾಗಿಯೇ ಇರುತ್ತದೆ. ಅದೇ ಪುಡಿ, ಅಷ್ಟೇ ತೂಕ, ಅಷ್ಟೇ ಹೊತ್ತು. ವ್ಯತ್ಯಾಸ ಇರುವುದು ಬಣ್ಣದ ಜಾತಿಯಲ್ಲಿ.

ಗಿಡದಿಂದ ಬಂದ ನಾರು, ಸಿಪ್ಪೆ, ಉಮಿ ಯಾವುದೇ ಇರಲಿ, ಸಾಮಾನ್ಯ ನೀರಿನಲ್ಲಿ ಅದರ ಮೈ ಋಣ ವಿದ್ಯುದಂಶ ಪಡೆಯುತ್ತದೆ. ಜೆನ್ಶಿಯನ್ ವಯಲೆಟ್, ಮೆಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್ ಮೊದಲಾದವು ಧನ ವಿದ್ಯುದಂಶದ ಬಣ್ಣಗಳು. ಹೀಗಾಗಿ ಬಂದು ಅಂಟಿಕೊಳ್ಳುತ್ತವೆ. ಈಗ ಹತ್ತಿಗೆ ಹೆಚ್ಚು ಬಳಸುವ ರಿಯಾಕ್ಟಿವ್ ಬಣ್ಣಗಳದು, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳದು ಋಣ ಗುಣ. ಅವು ಬೆಂಡಿನಿಂದ ದೂರ ಸರಿಯುತ್ತವೆ. ಯೋಚಿಸಿ ನೋಡಿದರೆ ಇದು ಸಹಜವೇ. ಹತ್ತಿಯೂ ಗಿಡದ್ದು, ಬೆಂಡೂ ಗಿಡದ್ದು. ಹತ್ತಿಗೆ ಆ ಬಣ್ಣ ಹಿಡಿಸಲೆಂದೇ ಬಣ್ಣಗಾರರು ರಾಶಿ ಉಪ್ಪು, ಸೋಡಾ ಸುರಿಯುತ್ತಾರೆ. ಅಷ್ಟು ಮಾಡಿದರೂ ನೂಲಿಗೆ ಹತ್ತದೆ ಉಳಿದ ಬಣ್ಣ ಹಸಿ ಬೆಂಡಿಗೆ ಸುಲಭವಾಗಿ ಹತ್ತೀತೆಂದು ಹೇಗೆ ನಿರೀಕ್ಷಿಸುವುದು?

ಲೆಕ್ಕ ಹಾಕಿದರೆ ಅಂತರ ಇನ್ನೂ ಸ್ಪಷ್ಟ. ಲೀಟರಿಗೆ 100 ಮಿಲಿಗ್ರಾಂ ಬಣ್ಣವಿರುವ ಸಾವಿರ ಲೀಟರ್ ನೀರಿದೆ ಎನ್ನಿ. ಅದರಲ್ಲಿರುವ ಬಣ್ಣ ಒಟ್ಟು 100 ಗ್ರಾಂ. ಪ್ರಯೋಗಾಲಯದಲ್ಲಿ ಒಂದು ಗ್ರಾಂ ಭತ್ತದ ಉಮಿ ಸುಮಾರು 40 ಮಿಲಿಗ್ರಾಂ ಮೆಥಿಲೀನ್ ಬ್ಲೂ ಹಿಡಿದದ್ದು ದಾಖಲಾಗಿದೆ. ಆ ಲೆಕ್ಕದಲ್ಲಿ ಎರಡೂವರೆ ಕಿಲೋ ಉಮಿ ಸಾಕು. ಹತ್ತಿಗೆ ಹಾಕುತ್ತಿದ್ದ ಕಾಂಗೋ ರೆಡ್ ಎಂಬ ಋಣ ಬಣ್ಣವನ್ನು ತೆಂಗಿನ ನಾರಿನ ಪುಡಿಯ ಇದ್ದಿಲು ಗ್ರಾಂಗೆ 7 ಮಿಲಿಗ್ರಾಂ ಆಸುಪಾಸು ಮಾತ್ರ ಹಿಡಿಯಿತು. ಅಂದರೆ ಅದೇ ನೀರಿಗೆ ಸುಮಾರು 15 ಕಿಲೋ ಬೇಕು. ಇದೂ ಶುದ್ಧ ನೀರಿಗೆ ಬಣ್ಣ ಬೆರೆಸಿ ಮಾಡಿದ ಲೆಕ್ಕ. ನಿಜವಾದ ಬಣ್ಣದ ನೀರಿನಲ್ಲಿ ಸಾಬೂನು, ಗಂಜಿ, ಉಪ್ಪು ಎಲ್ಲ ಇರುವುದರಿಂದ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಹಾಗಾದರೆ ಹತ್ತಿ ಬಣ್ಣಕ್ಕೆ ಏನು ದಾರಿ?

ಒಂದು ದಾರಿ ಸಕ್ರಿಯ ಇಂಗಾಲ. ತೆಂಗಿನ ಕರಟವನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಆಮೇಲೆ ಭಾರೀ ಶಾಖದಲ್ಲಿ ಹಬೆ ಹಾಯಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಳ್ಳುತ್ತವೆ. ಒಳ್ಳೆಯ ಸಕ್ರಿಯ ಇಂಗಾಲದ ಒಂದು ಗ್ರಾಂನಲ್ಲಿ ಸುಮಾರು 1000 ಚದರ ಮೀಟರ್ ಒಳಮೈ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು, ಒಂದು ಚಿಟಿಕೆ ಕರಿಪುಡಿಯಲ್ಲಿ! ಇದು ಋಣ ಬಣ್ಣವನ್ನೂ ಹಿಡಿಯುತ್ತದೆ. ಆದರೆ ಇದು ಕಾರ್ಖಾನೆಯ ಕೆಲಸ, ಹೊಲದಲ್ಲಿ ಗುಂಡಿ ತೋಡಿ ಮಾಡುವಂಥದ್ದಲ್ಲ. ಕರಟಕ್ಕೆ ಈಗಾಗಲೇ ಇದ್ದಿಲು ಭಟ್ಟಿಗಳ ಬೇಡಿಕೆ ಇದೆ. ತಿಪಟೂರು ಕಡೆಯ ಬೆಳೆಗಾರರು ಕರಟವನ್ನು ಅಲ್ಲಿಗೇ ಮಾರುವುದು ಲಾಭ.

ಎರಡನೆಯದು ನುಗ್ಗೆ ಬೀಜ. ಇದರ ಬಗ್ಗೆ ನನಗೆ ಹೆಚ್ಚು ಭರವಸೆ. ಕೆಸರು ನೀರು ತಿಳಿಯಾಗಿಸಲು ಹಿರಿಯರು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರಲ್ಲ, ನುಗ್ಗೆ ಬೀಜದ ಕೆಲಸವೂ ಅದೇ ಬಗೆಯದು. ಇದರ ತಿರುಳಿನಲ್ಲಿ ಧನ ವಿದ್ಯುದಂಶದ ಪ್ರೋಟೀನ್ ಇದೆ. ಬೆಂಡು ದೂರ ತಳ್ಳುವ ಋಣ ಬಣ್ಣಗಳನ್ನು ಅದು ತನ್ನತ್ತ ಸೆಳೆದು ಗಡ್ಡೆ ಕಟ್ಟಿಸಿ ತಳಕ್ಕೆ ಇಳಿಸುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಬೆಳೆಯುವವರ ತೋಟದಲ್ಲಿ ಬಲಿತು ಒಣಗಿ, ತರಕಾರಿಗೆ ಬಾರದ ಕಾಯಿ ಎಷ್ಟೋ ಉಳಿದಿರುತ್ತವೆ. ಸಿಪ್ಪೆ ಬಿಡಿಸಿ, ತಿರುಳನ್ನು ಪುಡಿ ಮಾಡಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿದ ಹಾಲು ಬಳಕೆಗೆ ಸಿದ್ಧ. ಅಂದು ಮಾಡಿದ್ದನ್ನು ಅಂದೇ ಬಳಸಬೇಕು, ಮರುದಿನಕ್ಕೆ ನಾರುತ್ತದೆ. ಎಷ್ಟು ಹಾಕಬೇಕೆಂಬುದಕ್ಕೆ ಒಂದೇ ಸೂತ್ರವಿಲ್ಲ. ಐದಾರು ಬಾಟಲಿಯಲ್ಲಿ ಬೇರೆ ಬೇರೆ ಅಳತೆ ಹಾಕಿ, ಯಾವುದರಲ್ಲಿ ಗಡ್ಡೆ ಬೇಗ ಕೂರುತ್ತದೆಂದು ನೋಡಿಯೇ ತೀರ್ಮಾನಿಸಬೇಕು. ಹೆಚ್ಚಾದರೆ ಬೀಜದ ಸಾವಯವ ಅಂಶವೇ ನೀರಿನಲ್ಲಿ ಉಳಿದು ಕೊಳೆಯುತ್ತದೆ.

ನೀರನ್ನು ಹುಳಿ ಮಾಡಿದರೆ, ಅಂದರೆ ರಸಸಾರವನ್ನು 2–3ಕ್ಕೆ ಇಳಿಸಿದರೆ, ಬೆಂಡಿನ ಪುಡಿಯೂ ಋಣ ಬಣ್ಣವನ್ನು ಹೆಚ್ಚು ಹಿಡಿಯುತ್ತದೆ. ಪುಸ್ತಕದಲ್ಲಿ ಇದು ಸರಿ. ಆದರೆ ಆಮ್ಲ ಸುರಿಯುವುದು, ಆಮೇಲೆ ಸುಣ್ಣ ಹಾಕಿ ಮತ್ತೆ ಸಮಕ್ಕೆ ತರುವುದು ತರಬೇತಿ ಇರುವವರ ಕೆಲಸ. ಹಳ್ಳಿಯ ಅಂಗಳದಲ್ಲಿ ಇದನ್ನು ಮಾಡಬೇಡಿ.

ಪುಡಿ ತಯಾರಿ ಮತ್ತು ಡ್ರಮ್ಮು

ರೈತ ಉತ್ಪಾದಕರ ಸಂಘ ಬೆಂಡಿನ ಪುಡಿ ಮಾಡಿ ಬಣ್ಣದ ಘಟಕಗಳಿಗೆ ಕೊಡಬೇಕೆಂದಿದ್ದರೆ ತೊಳೆಯುವುದರಲ್ಲಿ ಉದಾಸೀನ ಬೇಡ. ಶೇಂಗಾ ಸಿಪ್ಪೆ, ಅಡಿಕೆ ಸಿಪ್ಪೆ ಇವೆಲ್ಲ ತಮ್ಮದೇ ಕಂದು ಒಗರನ್ನು ಬಿಡುತ್ತವೆ. ತೊಳೆಯದೆ ಹಾಕಿದರೆ ಒಂದು ಬಣ್ಣ ತೆಗೆದು ಇನ್ನೊಂದು ಸೇರಿಸಿದಂತೆ. ಪುಡಿ ಹಿಟ್ಟಿನಷ್ಟು ನುಣ್ಣಗಿದ್ದರೆ ಬಣ್ಣ ಬೇಗ ಹಿಡಿಯುತ್ತದೆ ನಿಜ, ಆದರೆ ಡ್ರಮ್ಮಿನಲ್ಲಿ ಗಚ್ಚಾಗಿ ಕೂತು ನೀರೇ ಇಳಿಯುವುದಿಲ್ಲ. ಬಿಳಿರವೆಯ ಗಾತ್ರ ಒಳ್ಳೆಯದು. ಕಬ್ಬಿನ ಸಿಪ್ಪೆಯನ್ನು ಇದಕ್ಕೆ ತರಬೇಡಿ. ಮುಧೋಳ, ಮಹಾಲಿಂಗಪುರದ ಗಾಣಗಳಲ್ಲಿ ಅದು ಬೆಲ್ಲ ಕುದಿಸುವ ಉರುವಲು, ಅದಕ್ಕೆ ಅಲ್ಲೇ ಬೆಲೆ ಇದೆ.

ಬಣ್ಣದ ಘಟಕದಲ್ಲಿ ನೀರು ಮೊದಲು ತೊಟ್ಟಿಯಲ್ಲಿ ನಿಂತು ಕಸ, ಗಂಜಿ ಕೆಳಗೆ ಕೂರಬೇಕು; ಋಣ ಬಣ್ಣವಿದ್ದರೆ ನುಗ್ಗೆ ಹಾಲು ಹಾಕುವುದೂ ಇಲ್ಲೇ. ಆಮೇಲೆ 200 ಲೀಟರ್ ಡ್ರಮ್ಮಿನಲ್ಲಿ ಕೆಳಗೆ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಪುಡಿ. ಇಂಥ ಎರಡು ಡ್ರಮ್ಮು ಒಂದರ ಹಿಂದೊಂದು ಇರಲಿ. ಮೊದಲನೆಯದರ ತೂತಿನಿಂದ ಬಣ್ಣ ಕಾಣಿಸಿಕೊಂಡ ದಿನ ಅದರ ಪುಡಿ ತುಂಬಿತೆಂದು ಅರ್ಥ. ಎರಡನೆಯದನ್ನು ಮುಂದಕ್ಕೆ ತಂದು, ಹೊಸ ಪುಡಿಯ ಡ್ರಮ್ಮನ್ನು ಹಿಂದೆ ಇಟ್ಟರೆ ಕೆಲಸ ನಿಲ್ಲುವುದಿಲ್ಲ.

ಬಣ್ಣಕ್ಕಿಂತ ದೊಡ್ಡ ಶತ್ರು

ನೀರು ತಿಳಿಯಾಯಿತಲ್ಲ, ಹೊಲಕ್ಕೆ ಹಾಯಿಸೋಣ ಎನ್ನುವವರು ಇಲ್ಲಿ ನಿಂತು ಓದಬೇಕು. ರಿಯಾಕ್ಟಿವ್ ಬಣ್ಣ ಹಾಕುವಾಗ ಒಂದು ಲೀಟರ್ ನೀರಿಗೆ ಹಲವು ಬಾರಿ 50 ಗ್ರಾಂ, ಗಾಢ ಬಣ್ಣಕ್ಕೆ ಅದಕ್ಕಿಂತಲೂ ಹೆಚ್ಚು ಉಪ್ಪು ಬೀಳುತ್ತದೆ. ಸಾವಿರ ಲೀಟರಿಗೆ 50 ಕಿಲೋ, ಒಂದು ಡಿಎಪಿ ಚೀಲದ ತೂಕ. ಮೇಲಿನ ನಮ್ಮ ಲೆಕ್ಕದಲ್ಲಿ ತೆಗೆಯಲು ಹೊರಟಿದ್ದ ಬಣ್ಣ 100 ಗ್ರಾಂ. ಉಮಿ, ಬೆಂಡು, ನುಗ್ಗೆ, ಸಕ್ರಿಯ ಇಂಗಾಲ ಯಾವುದೂ ಈ ಉಪ್ಪನ್ನು ಮುಟ್ಟುವುದಿಲ್ಲ. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣಿನ ಕಣ ಬಿಡಿಬಿಡಿಯಾಗಿ, ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಅಂಥ ಹೊಲ ಸರಿಯಾಗಲು ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ ವರ್ಷಗಟ್ಟಲೆ ಕಾಯಬೇಕು.

ಜವಳಿ ಘಟಕಗಳು ಹೊರಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2100 ಮಿಲಿಗ್ರಾಂ ಮೀರಬಾರದೆಂದು 2016ರ ಮಾನದಂಡ ಹೇಳುತ್ತದೆ. ಇದನ್ನು ವಿದ್ಯುತ್ ವಾಹಕತೆಗೆ ಪರಿವರ್ತಿಸಿದರೆ ಮೀಟರಿಗೆ ಸುಮಾರು 3.3 ಡೆಸಿ ಸೀಮನ್ಸ್. ನೀರಾವರಿಗೆ 2.25 ದಾಟಿದ ನೀರನ್ನು ಅತಿ ಲವಣದ ನೀರೆಂದೇ ವರ್ಗೀಕರಿಸುತ್ತಾರೆ. ಕಾನೂನು ಪಾಸು ಮಾಡಿದ ನೀರು ನಿಮ್ಮ ಎರೆ ಹೊಲಕ್ಕೆ ಫೇಲಾಗಬಹುದು ಎಂಬುದನ್ನು ಮರೆಯಬೇಡಿ.

ತಮಿಳುನಾಡಿನ ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿಗೆ ಒರತ್ತುಪಾಳಯಂ ಅಣೆಕಟ್ಟು 1992ರಲ್ಲಿ ಮುಗಿಯಿತು. ಕಟ್ಟಿದ್ದು ಹೊಲಗಳ ನೀರಾವರಿಗೆ. ತುಂಬಿದ್ದು ಬಣ್ಣದ ಘಟಕಗಳ ಉಪ್ಪು ನೀರು. ಅದರ ಅಚ್ಚುಕಟ್ಟಿನ ರೈತರೇ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಹೋರಾಡಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ನೀರನ್ನೂ ಹೊರಬಿಡದೆ ಉಪ್ಪನ್ನು ಬೇರ್ಪಡಿಸುವ ವ್ಯವಸ್ಥೆ ಅಲ್ಲಿ ಬಂದದ್ದು ಈ ಪಾಡು ಪಟ್ಟ ಮೇಲೆ.

ಸಣ್ಣ ಘಟಕಗಳಿಗೂ ಒಂದು ಪಾಠ ಇದರಲ್ಲಿದೆ. ಮೊದಲ ಗಾಢ ಬಣ್ಣದ ನೀರಿನಲ್ಲೇ ಉಪ್ಪಿನ ಬಹುಪಾಲು ಇರುತ್ತದೆ. ಅದನ್ನು ಜಾಲಿಸಿದ ನೀರಿಗೆ ಬೆರೆಸದೆ, ನೆಲಕ್ಕೆ ಇಂಗದಂತೆ ದಪ್ಪ ಹಾಳೆ ಹಾಸಿದ ಬೇರೆ ತೊಟ್ಟಿಗೆ ಬಿಟ್ಟು ಬಿಸಿಲಿಗೆ ಆರಿಸಬೇಕು. ಪುಡಿಯ ಡ್ರಮ್ಮಿಗೆ ಹೋಗಬೇಕಾದದ್ದು ಜಾಲಿಸಿದ ನೀರು. ತಿಳಿಯಾದ ಆ ನೀರು ಮುಂದಿನ ಲಡಿಯ ಮೊದಲ ತೊಳೆತಕ್ಕೇ ಮರಳಲಿ, ಹೊಲಕ್ಕಲ್ಲ.

ಬಣ್ಣ ಹಿಡಿದ ಪುಡಿಯ ವಿಷಯ ಇನ್ನೂ ಗಂಭೀರ. ಬೆಂಡು ತಾನೇ, ತಿಪ್ಪೆಗೆ ಹಾಕಿದರೆ ಗೊಬ್ಬರವಾದೀತು ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಗಾಳಿಯಾಡದ ತಿಪ್ಪೆಯ ಒಳಗೆ ಸೂಕ್ಷ್ಮಾಣುಗಳು ಅಜೋ ಜಾತಿಯ ಬಣ್ಣಗಳನ್ನು ಮುರಿಯುತ್ತವೆ. ಬಣ್ಣ ಮಾಯವಾಗುತ್ತದೆ, ಅದರ ಜಾಗದಲ್ಲಿ ಅರೋಮ್ಯಾಟಿಕ್ ಅಮೈನ್‌ಗಳು ಉಳಿಯುತ್ತವೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅಂಥ ಹಲವು ಅಜೋ ಬಣ್ಣಗಳನ್ನು ಕೇಂದ್ರ ಸರ್ಕಾರ 1997ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ ಇರುತ್ತವೆ, ಸುಟ್ಟರೂ ಅವು ಬೂದಿಯಲ್ಲಿ ಉಳಿಯುತ್ತವೆ. ಆದ್ದರಿಂದ ಒಲೆಗೂ ಬೇಡ, ಗಾಣದ ಭಟ್ಟಿಗೂ ಬೇಡ, ದನದ ಹಾಸಿಗೆಗೂ ಬೇಡ. ಒಣಗಿಸಿ, ಚೀಲ ಕಟ್ಟಿ, ಮಳೆ ತಾಗದಂತೆ ಇಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟ ವಿಲೇವಾರಿದಾರರಿಗೆ ಅಥವಾ ಅನುಮತಿ ಇರುವ ಸಿಮೆಂಟ್ ಭಟ್ಟಿಗೆ ಒಪ್ಪಿಸುವುದು ಬಣ್ಣದ ಘಟಕದ ಹೊಣೆ. ಪುಡಿ ಮಾರುವ ಸಂಘ ಈ ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು: ಬಳಸಿದ ಪುಡಿ ಹಳ್ಳಿಗೆ ವಾಪಸ್ ಬರಕೂಡದು.

ಬಣ್ಣದ ಘಟಕದ ಹತ್ತಿರ ಜಮೀನು ಇರುವವರು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಹಿಂಗಾರಿಗೆ ಮೊದಲು, ಬಾವಿ ಅಥವಾ ಬೋರಿನ ನೀರು ಪರೀಕ್ಷೆ ಮಾಡಿಸಿ. ಮೋಟಾರು ಹಚ್ಚಿ ಕಾಲು ತಾಸು ನೀರು ಹರಿದ ಮೇಲೆ, ಅದೇ ನೀರಿನಿಂದ ಮೂರು ಸಲ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು, ಸರ್ವೆ ನಂಬರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿ, ಅಂದೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಮಣ್ಣು-ನೀರು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸಿ. ವಿದ್ಯುತ್ ವಾಹಕತೆ ಮತ್ತು ಸೋಡಿಯಂ ಎರಡನ್ನೂ ನೋಡಿ ಎಂದು ಹೇಳಿ. ವರದಿ ಎಸೆಯಬೇಡಿ, ಪಹಣಿಯ ಜೊತೆಗೇ ಕಟ್ಟಿಡಿ.