ಹೆದರಿಕೆಯನ್ನೂ ಕೆಲಸಕ್ಕೆ ಹಚ್ಚೋಣ



ಮನೆಯಲ್ಲೇ ಮಾಡುವ ಸಣ್ಣ ಉದ್ಯೋಗದ ಬಗ್ಗೆ ತರಬೇತಿ ಕೊಡುವಾಗ ನಾವು ಧೈರ್ಯದ ಮಾತು ಬಹಳ ಆಡುತ್ತೇವೆ. "ಹೆದರಬೇಡಿ, ಮುಂದೆ ಬನ್ನಿ" ಎಂದು ಹೇಳಿ, ಚಹಾ ಕುಡಿದು ಎದ್ದುಬಿಡುತ್ತೇವೆ. ಕಂತು ಕಟ್ಟುವವರು ನೀವು, ರಾತ್ರಿಯೆಲ್ಲ ಹೊರಳಾಡುವವರೂ ನೀವೇ. ಹೆದರಬೇಡಿ ಅಂದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಆದ್ದರಿಂದ ಈ ಸಲದ ಪಾಠದಲ್ಲಿ ಅದನ್ನು ಓಡಿಸುವ ಮಾತು ಬೇಡ, ಅದರಿಂದ ಕೆಲಸ ತೆಗೆಯುವುದು ಹೇಗೆ ಎಂದು ನೋಡೋಣ.

ಕಂಪ್ಲಿಯವರಿಗೆ ಭಯ ಹೊಸದೇನಲ್ಲ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿದ್ದನ್ನು ಎಷ್ಟೋ ಸಲ ಕಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮ್ ಬರಿದಾದರೆ ಭತ್ತದ ಗತಿಯೇನು ಎಂದು ಮನೆಮನೆಯಲ್ಲೂ ದಿಗಿಲು. ಆದರೆ ಗೇಟು ಕೂಡಿಸುವವರು ದಿಗಿಲು ಬಿದ್ದು ಕೂರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯುವ ನೀರಿನಲ್ಲೇ, ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸಿ ನೀರು ನಿಲ್ಲಿಸಿದರು. ಮುಂದೆ ಮಳೆಯಾಗಿ ಡ್ಯಾಮು ಮತ್ತೆ ತುಂಬಿತು. ಅಲ್ಲಿ ಭಯ ಇತ್ತು, ಅದರ ಜೊತೆಗೆ ಅಳತೆ ಲೆಕ್ಕವೂ ಇತ್ತು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಇಲ್ಲಿಯ ಒಂದು ಸಂಘದ ಸದಸ್ಯೆ, ಹೆಸರು ಬೇಡ, 20,000 ರೂಪಾಯಿ ಸಾಲ ತೆಗೆದು ಹಪ್ಪಳದ ಕೆಲಸ ಶುರು ಮಾಡಿದ್ದರು. ಬೇಸಿಗೆಯಲ್ಲಿ ಚೆನ್ನಾಗಿ ನಡೆಯಿತು. ಮಳೆ ಹಿಡಿದ ಮೇಲೆ ಹಪ್ಪಳ ಸರಿಯಾಗಿ ಒಣಗದೆ ಬೂಷ್ಟು ಬಂತು, ಅಂಗಡಿಯವರು ಪಾಕೀಟು ವಾಪಸ್ ಕಳಿಸಿದರು. ಸಭೆಗೆ ಬಂದವರೇ, "ಅಕ್ಕಾರ, ನನಗೆ ರಾತ್ರಿ ನಿದ್ದಿ ಬರ್ತಿಲ್ರೀ. ಇದನ್ನ ಬಿಟ್ಟುಬಿಡ್ತೀನಿ" ಅಂದರು.

"ಯಾತರ ಭಯಾನವಾ?" ಅಂತ ಕೇಳಿದೆ.

"ಎಲ್ಲಾದ್ರದೂ ಐತ್ರೀ."

'ಎಲ್ಲದರದ್ದೂ' ಅನ್ನುವ ಭಯಕ್ಕೆ ಮದ್ದಿಲ್ಲ. ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆಸಿದೆವು. ಮೊದಲು ಬಂದದ್ದು ಕಂತು. ಆಮೇಲೆ, "ನಾ ಹೇಳಿದ್ನಿಲ್ಲೋ" ಎಂದು ಮನೆಯವರು ಆಡಿಕೊಳ್ಳುತ್ತಾರೆ ಅನ್ನುವುದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರನೆಯದನ್ನು ಹೇಳಿದರು: ಇದು ನಿಂತರೆ ಮತ್ತೆ ಕಳೆ ಕೀಳೋಕೆ ಹೋಗಬೇಕು, ಪಿಯುಸಿ ಓದುವ ಮಗಳನ್ನೂ ಜೊತೆಗೆ ಕರಕೊಂಡು ಹೋಗಬೇಕಾಗುತ್ತದೆ. ಕೆಲಸ ಬಿಡಿ ಅನ್ನುತ್ತಿದ್ದದ್ದು ಮೊದಲಿನ ಎರಡು ಭಯ. ಮೂರನೆಯದು ಬಿಡಬೇಡ ಅನ್ನುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ.

ಕಂತಿನ ಭಯಕ್ಕೆ ಲೆಕ್ಕ ಹಾಕಿದೆವು. ತಿಂಗಳ ಕಂತು 1,100. ಒಂದು ಪಾಕೀಟಿಗೆ ಖರ್ಚು ಕಳೆದು ಉಳಿಯೋದು 8 ರೂಪಾಯಿ. ಅಂದರೆ 138 ಪಾಕೀಟು ಮಾರಿದರೆ ಕಂತು ಮುಟ್ಟಿತು. 26 ದಿನಕ್ಕೆ ಹಂಚಿದರೆ ದಿನಕ್ಕೆ ಐದಾರು. "ಇಷ್ಟೇ ಏನ್ರೀ?" ಅಂದರು. ಮನೆಖರ್ಚಿಗೆ ಇನ್ನೂ ಹೆಚ್ಚು ಬೇಕು, ನಿಜ. ಆದರೆ ಎದೆ ಮೇಲಿನ ಕಲ್ಲು ಐದಾರು ಪಾಕೀಟಿನಷ್ಟು ಹಗುರಾಯಿತು.

ಇದು ನಮ್ಮ ಊಹೆಯಷ್ಟೇ ಅಲ್ಲ. 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಧನುರ್ವಾಯು ರೋಗದ ಬಗ್ಗೆ ಹೆದರಿಕೆ ಹುಟ್ಟಿಸುವ ಪುಸ್ತಿಕೆ ಓದಿಸಿ, ಸೂಜಿ ಹಾಕಿಸಿಕೊಳ್ಳಿ ಅಂದರು. ಓದಿದವರು ಹೆದರಿದರು, ಹೌದು ಹೌದು ಅಂದರು. ಹೋದವರು ಮಾತ್ರ 100ಕ್ಕೆ 3 ಜನ. ಇನ್ನು ಕೆಲವರಿಗೆ ಆಸ್ಪತ್ರೆಯ ದಾರಿ ತೋರಿಸುವ ನಕ್ಷೆ ಕೊಟ್ಟು, ಯಾವ ದಿನ ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಯೋಚಿಸಲು ಹೇಳಿದ್ದರು. ಅವರಲ್ಲಿ 100ಕ್ಕೆ 28 ಜನ ಹೋದರು. ಭಯದ ಪುಸ್ತಿಕೆ ಇಲ್ಲದೆ ಬರೀ ದಾರಿ ತಿಳಿದವರಲ್ಲಿ ಒಬ್ಬರೂ ಹೋಗಲಿಲ್ಲ. ಓದಿದ ಹುಡುಗರ ಕಥೆಯೇ ಹೀಗಾದರೆ, ನಾವು ಹೆದರಿ ಸುಮ್ಮನೆ ಕೂತದ್ದರಲ್ಲಿ ನಾಚಿಕೆ ಯಾಕೆ?

ಮಳೆಯ ಭಯದ ವಿಷಯಕ್ಕೆ ಲಿಜ್ಜತ್ ಹಪ್ಪಳದವರ ಕಥೆ ಕೇಳಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲದಿಂದ ಮಹಡಿಯ ಮೇಲೆ ಶುರು ಮಾಡಿದ್ದು. ಮೊದಲ ದಿನ ಆದದ್ದು ನಾಲ್ಕು ಪಾಕೀಟು. ಮೊದಲ ವರ್ಷ ಮಳೆಯಿಂದ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಮಳೆ ಬರುತ್ತಿದ್ದರೂ ಹಪ್ಪಳ ಒಣಗಿತು. ಮತ್ತೆ ನಿಲ್ಲಬಾರದು ಎಂಬ ಭಯ ಇಲ್ಲದಿದ್ದರೆ ಆ ಮಂಚ ಬರುತ್ತಿತ್ತೇ? ನಮ್ಮ ಸದಸ್ಯೆ ಬೇರೆ ದಾರಿ ಹಿಡಿದರು: ಮಳೆಗಾಲದಲ್ಲಿ ಶೇಂಗಾ ಚಟ್ನಿಪುಡಿ, ಬಿಸಿಲು ಬಂದಾಗ ಹಪ್ಪಳ. ಹೊಸಪೇಟೆಯ ಒಂದು ಅಂಗಡಿಯಲ್ಲಿ ಚಟ್ನಿಪುಡಿಯೇ ಹೆಚ್ಚು ಹೋಗುತ್ತದೆ ಎಂಬುದೂ ಆಗಲೇ ತಿಳಿದದ್ದು.

ಆದರೆ ಎಲ್ಲ ಭಯವೂ ಕೆಲಸಕ್ಕೆ ಬರುವುದಿಲ್ಲ. ಮನೆ ಬಾಗಿಲಿಗೆ ಬಂದು ಬೈದು, ಸಾಮಾನು ಎಳೆದು, ಓಣಿಯವರ ಮುಂದೆ ಮಾನ ಕಳೆಯುವ ವಸೂಲಿಯವರ ಭಯ ಮನುಷ್ಯರನ್ನು ಊರು ಬಿಡಿಸುತ್ತದೆ, ಕೆಲವೊಮ್ಮೆ ಜೀವವನ್ನೇ ತೆಗೆಯುತ್ತದೆ. ಅದನ್ನು ನುಂಗಿಕೊಂಡು ಒಬ್ಬರೇ ದುಡಿಯಲು ಹೋಗಬೇಡಿ. ಇಂಥ ಕಿರುಕುಳ ತಡೆಯಲೆಂದೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿ ಹೇಳಿದೆ. ಪೊಲೀಸ್ ಠಾಣೆಗೆ ಹೋಗಿ, ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಸಾಲ ತೀರಿಸಲು ಇನ್ನೊಂದು ಫೈನಾನ್ಸಿನಲ್ಲಿ ಸಾಲ ತೆಗೆಯುವ ಮುಂಚೆ ಮಾತ್ರ ಸ್ವಲ್ಪ ಹೆದರಿ, ಆ ಹೆದರಿಕೆ ಒಳ್ಳೆಯದು!

ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಪಾಸ್‌ಬುಕ್ ತನ್ನಿ. ಹಿಂದಿನ ಹಾಳೆಯಲ್ಲಿ ನಿಮ್ಮ ಉದ್ಯೋಗದ ಬಗ್ಗೆ ಇರುವ ಹೆದರಿಕೆಗಳನ್ನು ಬರೆದು, ಯಾವುದು ಬಿಡು ಅನ್ನುತ್ತದೆ, ಯಾವುದು ಬಿಡಬೇಡ ಅನ್ನುತ್ತದೆ ಎಂದು ಗುರುತು ಹಾಕಿ. ಒಂದಕ್ಕಾದರೂ ಎದುರಿಗೆ ಒಂದು ಕೆಲಸ, ಅದನ್ನು ಮಾಡುವ ವಾರ ಮತ್ತು ಹೊತ್ತು ಬರೆಯಿರಿ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿಕೊಂಡು ಬನ್ನಿ. ಓದಲು ಇಷ್ಟವಿಲ್ಲದವರು ಮಡಚಿ ಇಟ್ಟುಕೊಳ್ಳಬಹುದು, ಯಾರೂ ಕೇಳುವುದಿಲ್ಲ.