ಅಳಿಸುವ ಸ್ಕ್ರಿಪ್ಟಿಗೆ ಅವಸರ ಬೇಡ

ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸ ಸಿಕ್ಕಿತಲ್ಲ ಮಾರಾಯ, ಸಂತೋಷ. ಡೊಂಬಿವಲಿಯಿಂದ ನಿಂತುಕೊಂಡೇ ಠಾಣೆಗೆ ಹೋಗಿ ವಾಶಿ ಗಾಡಿ ಹಿಡಿಯುವುದು ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ. ನಾನು ಹೇಳಬೇಕೆಂದಿರುವುದು ನಿನಗೆ ವಹಿಸಿರುವ ಬ್ಯಾಕಪ್ ಕೆಲಸದ ವಿಷಯ. ಹೊಸಬರ ತಲೆಗೆ ಮೊದಲು ಕಟ್ಟುವುದೇ ಅದನ್ನು: "ಡಿಸ್ಕ್ ತುಂಬುತ್ತಿದೆ, 30 ದಿನಕ್ಕಿಂತ ಹಳೆಯದನ್ನು ತೆಗೆಯಲು ಒಂದು ಶೆಲ್ ಸ್ಕ್ರಿಪ್ಟ್ ಬರೆದುಬಿಡು."

ಬರೆಯುವುದು ಐದು ನಿಮಿಷದ ಮಾತು. ಆದರೆ ಯೋಚಿಸಿ ನೋಡು. ಯಾವುದೋ ಪಾಸ್‌ವರ್ಡ್ ಬದಲಾಗಿ ಬ್ಯಾಕಪ್ ನಿಂತೇ ಹೋಗಿದೆ, ಯಾರಿಗೂ ಗೊತ್ತಾಗಿಲ್ಲ. ಅಳಿಸುವ ಸ್ಕ್ರಿಪ್ಟ್ ಮಾತ್ರ ನಿಯತ್ತಾಗಿ ದಿನಕ್ಕೊಂದು ಫೈಲು ನುಂಗುತ್ತಿರುತ್ತದೆ. ತಿಂಗಳು ದಾಟುವಷ್ಟರಲ್ಲಿ ಫೋಲ್ಡರ್ ಖಾಲಿ! ಆದ್ದರಿಂದ ಕಡೆಯ ಏಳು ಫೈಲುಗಳನ್ನು, ಎಷ್ಟೇ ಹಳತಾಗಿರಲಿ, ಮುಟ್ಟಕೂಡದು. ಇವತ್ತಿನದು ಬಂದಿದೆ, ಗಾತ್ರವೂ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಹಳೆಯದಕ್ಕೆ ಕೈ ಹಾಕು. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಕಂಪನಿಯವರು ಡೇಟಾಬೇಸ್ ಕಳೆದುಕೊಂಡು ಬ್ಯಾಕಪ್ ಹುಡುಕಿದಾಗ ದಿನನಿತ್ಯದ ಡಂಪ್ ಆಗುತ್ತಲೇ ಇರಲಿಲ್ಲವೆಂದು ತಿಳಿಯಿತು. ಅದನ್ನು ತಿಳಿಸಬೇಕಿದ್ದ ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ.

ಇನ್ನೊಂದು ಕಥೆ ನಿನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ 10 ದಿನಕ್ಕಿಂತ ಹಳೆಯ ಲಾಗ್ ಅಳಿಸುವ ಸ್ಕ್ರಿಪ್ಟ್ ಇತ್ತು. 2021ರ ಡಿಸೆಂಬರಿನಲ್ಲಿ, ಅದು ಓಡುತ್ತಿರುವಾಗಲೇ, ತಿದ್ದಿದ ಸ್ಕ್ರಿಪ್ಟನ್ನು ಅದರ ಮೇಲೆ ಹಾಕಿದರು. ಬ್ಯಾಶ್ ಇಡೀ ಸ್ಕ್ರಿಪ್ಟನ್ನು ಮೊದಲೇ ಓದಿಟ್ಟುಕೊಳ್ಳುವುದಿಲ್ಲ. ಓಡುತ್ತ ಓಡುತ್ತ ಮುಂದಿನ ಸಾಲು ಓದುತ್ತದೆ. ಹಾಗಾಗಿ ಹೊಸದನ್ನು ನಡುವಿನಿಂದ ಓದಿತು, ಫೋಲ್ಡರಿನ ಹೆಸರಿರಬೇಕಿದ್ದ ವೇರಿಯೇಬಲ್ ಖಾಲಿ ಉಳಿಯಿತು. ಲಾಗ್ ಬದಲು ಸಂಶೋಧಕರ ಸುಮಾರು 77 ಟೆರಾಬೈಟ್, 3.4 ಕೋಟಿ ಫೈಲುಗಳು ಹೋದವು. ನೀನು ಶುರುವಿನಲ್ಲೇ 'ಸೆಟ್ ಮೈನಸ್ ಯು' ಹಾಕು, ಬೆಲೆಯನ್ನೇ ಕೊಟ್ಟಿರದ ವೇರಿಯೇಬಲ್ ಕಂಡೊಡನೆ ಸ್ಕ್ರಿಪ್ಟ್ ನಿಲ್ಲುತ್ತದೆ. ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ 'ಎಂವಿ' ಮಾಡಿ ಜಾಗಕ್ಕೆ ತಾ. ಓಡುತ್ತಿರುವುದು ಹಳೆಯದನ್ನೇ ಓದಿ ಮುಗಿಸುತ್ತದೆ. ಮೊದಲ ವಾರ ಫೈಲು ಹುಡುಕುವ 'ಫೈಂಡ್' ಆದೇಶದ ಕೊನೆಯಲ್ಲಿ 'ಡಿಲೀಟ್' ಬೇಡವೇ ಬೇಡ, 'ಪ್ರಿಂಟ್' ಸಾಕು. ಬಂದ ಪಟ್ಟಿಯನ್ನು ಕಣ್ಣಾರೆ ಓದು. 'ಡಿಲೀಟ್' ಅನ್ನು ಮರೆತು ಷರತ್ತುಗಳಿಗಿಂತ ಮೊದಲೇ ಬರೆದೆಯೋ, ಆ ಷರತ್ತನ್ನೆಲ್ಲ ನೋಡದೆ ಎಲ್ಲವನ್ನೂ ಬಳಿದುಬಿಡುತ್ತದೆ.

ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ ಮಾರ್ಚ್ ಒಂದು ಜನವರಿ ಎರಡಕ್ಕಿಂತ ಮೇಲೆ ಕೂರುತ್ತದೆ. ನಕಲು ಮಾಡಿದ ಫೈಲು ನಕಲಾದ ದಿನವನ್ನೇ ತೋರಿಸಬಹುದು, ಹೆಸರಿನ ತಾರೀಕನ್ನೇ ನಂಬು. ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ ನಮ್ಮ ಬೆಳಗಿನ ಜಾವದ 2 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 8.30, ಹೆಸರಿಗೆ ನಿನ್ನೆಯ ತಾರೀಕು ಬೀಳುತ್ತದೆ. ತಾರೀಕಿನ ಆದೇಶವನ್ನು ಕ್ರಾನ್ ಸಾಲಿನಲ್ಲೇ ಬರೆದರೆ, ಶೇಕಡಾ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಮರೆಯಬೇಡ.

ಮತ್ತೆ, ಐರೋಲಿಯ ನಕಲನ್ನು ಹತ್ತಿರದ ಮಹಾಪೆಯಲ್ಲಿಟ್ಟು ದೂರ ಇಟ್ಟಿದ್ದೇವೆ ಎಂದರೆ ಒಪ್ಪಬೇಡ. 2005ರ ಜುಲೈ 26ರ ಮಳೆ ಠಾಣೆ, ಕಲ್ಯಾಣ, ನವಿ ಮುಂಬಯಿ ಎಂದು ಭೇದ ಮಾಡಿರಲಿಲ್ಲ. ಒಂದು ಪ್ರತಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರಲಿ.

ತಿಂಗಳಿಗೊಮ್ಮೆ ಯಾವುದಾದರೊಂದು ಹಳೆಯ ಫೈಲನ್ನು ಬೇರೆ ಮಷೀನಿನಲ್ಲಿ ಬಿಚ್ಚಿ ನೋಡು. ಅಳಿಸುವ ಕೆಲಸವನ್ನು ಎಲ್ಲರೂ ಆಫೀಸಿನಲ್ಲಿರುವ ಹಗಲು ಹೊತ್ತಿಗೇ ಇಟ್ಟುಕೋ. ಗಣಪತಿ ಹಬ್ಬಕ್ಕೆ ಊರಿಗೆ ಹೊರಡುವ ಹಿಂದಿನ ಸಂಜೆಯಂತೂ, ಮ್ಯಾನೇಜರ್ ಎಷ್ಟೇ ಹೇಳಲಿ, ಸ್ಕ್ರಿಪ್ಟ್ ತಿದ್ದಲು ಕೂರಬೇಡ.