ಹಳೇ ಗಾಡಿಗೆ ಹೊಸ ಎಂಜಿನ್ ಕೂಡಿಸುವ ಮುನ್ನ

ಅಪ್ಪನ ಕಾಲದ ಅಂಬಾಸಡರನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಿ. ಅಷ್ಟಕ್ಕೇ ನಿಮ್ಮ ಬೆನ್ನು ತಟ್ಟಬೇಕು. ಆದರೆ ಈಗ ನಿಮ್ಮ ತಲೆಗೆ ಹೊಕ್ಕಿರುವ ವಿಚಾರವೂ ನನಗೆ ಗೊತ್ತು. ಗಾಡಿ ಎಳೆಯುತ್ತಿಲ್ಲ, ಎಂಜಿನ್ನನ್ನೇ ಬದಲಿಸೋಣ, ಸೊಲ್ಲಾಪುರದ ಕಡೆ ಅಗ್ಗಕ್ಕೆ ಸಿಗುತ್ತದಂತೆ, ಇನ್ನೂ ದೊಡ್ಡದು ಹಾಕಿದರೆ ಹಾರುತ್ತದಂತೆ. ಈ ‘ಅಂತೆ’ಗಳ ಮೇಲೆ ದುಡ್ಡು ಸುರಿಯಬೇಡಿ. ಸ್ವಲ್ಪ ಕುಳಿತು ಕೇಳಿ.

ಮೊದಲು ಒಂದು ಹಾಳೆ ತೆಗೆದುಕೊಂಡು ಈ ಗಾಡಿಗೆ ವರ್ಷದಲ್ಲಿ ಏನೇನು ಕೆಲಸ ಎಂದು ಬರೆಯಿರಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಮನೆಯ ಒಂದೆರಡು ಮದುವೆ, ವಾರಕ್ಕೊಮ್ಮೆ ತಿಕೋಟಾದ ದ್ರಾಕ್ಷಿ ತೋಟ, ಆಗೊಮ್ಮೆ ಈಗೊಮ್ಮೆ ಬಬಲೇಶ್ವರದ ಬೀಗರ ಮನೆ. ಇಷ್ಟೇ ತಾನೆ? ವಿಜಯಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ತಿರುಗಿ ಊರು. ಈ ಸುತ್ತಿನಲ್ಲಿ ನೀವು ಯಾವ ಘಾಟು ಹತ್ತಬೇಕಾಗಿದೆ? ನಮ್ಮದು ಬಯಲುಸೀಮೆ. ಅಂಬಾಸಡರಿನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಸುಮಾರು 50 ಅಶ್ವಶಕ್ತಿ, ಅದು ಆರೋಗ್ಯವಾಗಿದ್ದರೆ, ಈ ನೆಲಕ್ಕೆ ಧಾರಾಳ ಸಾಕು. ನಿಮಗೆ ಕಡಿಮೆ ಬಿದ್ದಿರುವುದು ಎಂಜಿನ್ನಿನ ಗಾತ್ರವಲ್ಲ, ಅದರ ಆರೈಕೆ.

ಆರೈಕೆಯ ಮಾತು ಬಂತು, ಸ್ವಲ್ಪ ಬೈಯುತ್ತೇನೆ, ಸಿಟ್ಟಾಗಬೇಡಿ. ರೇಡಿಯೇಟರಿಗೆ ನೀವು ಸುರಿಯುವುದು ಬೋರವೆಲ್ಲಿನ ಸವಳು ನೀರು. ಕೊಡದ ತಳಕ್ಕೆ ಕಟ್ಟುವ ಸುಣ್ಣವನ್ನು ದಿನಾ ನೋಡುತ್ತೀರಿ, ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟುವುದಿಲ್ಲವೇ? ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಗಾಡಿ ಕುದಿದರೆ ಎಂಜಿನ್ನಿಗೆ ವಯಸ್ಸಾಯಿತು ಅನ್ನುತ್ತೀರಿ. ಎರೆಮಣ್ಣಿನ ಧೂಳಿನ ದಾರಿಯಲ್ಲಿ ತೋಟಕ್ಕೆ ಹೋಗಿ ಬರುತ್ತೀರಿ, ಏರ್ ಫಿಲ್ಟರ್ ಬಿಚ್ಚಿ ನೋಡಿ ಎಷ್ಟು ಕಾಲವಾಯಿತು? ಆ ಧೂಳು ಒಳಗೆ ಹೋಗಿ ಬೋರನ್ನು ಸವೆಸುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಎಂಜಿನ್ನಿನ ಮೇಲೆ ತಪ್ಪು ಹೊರಿಸುವ ಮೊದಲು ನಮ್ಮ ಕೈ ನೋಡಿಕೊಳ್ಳೋಣ.

ಹಾಗಾಗಿ ಮೊದಲ ಖರ್ಚು ತಪಾಸಣೆಯದು. ಕಾರ್ಬ್ಯುರೇಟರ್ ತೊಳೆಸಿ, ಪಾಯಿಂಟು ಮತ್ತು ಪ್ಲಗ್ಗುಗಳನ್ನು ಹೊಸದು ಹಾಕಿಸಿ, ಟೈಮಿಂಗ್ ಮತ್ತು ವಾಲ್ವಿನ ಸಂದು ಸರಿಪಡಿಸಿ, ರೇಡಿಯೇಟರ್ ಸ್ವಚ್ಛ ಮಾಡಿಸಿ ಕೂಲೆಂಟ್ ತುಂಬಿ. ‘ಎಳೆಯುವುದಿಲ್ಲ’ ಅನ್ನುವ ಎಷ್ಟೋ ದೂರು ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಗೇಜು ಹಾಕಿಸಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ನಾಲ್ಕೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ. ಒಂದರಲ್ಲಿ ಬಹಳ ಕಡಿಮೆ ಬಂದರೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಗ ಏರಿದರೆ ರಿಂಗು, ಬೋರು ಸವೆದಿವೆ ಎಂದರ್ಥ. ಏರದಿದ್ದರೆ ತೊಂದರೆ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಹೊಗೆಯನ್ನೂ ಗಮನಿಸಿ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ನೀರು ಒಳಗೆ ಸೋರುತ್ತಿದೆ. ಇಷ್ಟು ತಿಳಿಯದೆ ಎಂಜಿನ್ ಇಳಿಸಲು ಹೇಳಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೇನು?

ಸವೆದಿರುವುದು ನಿಜವೇ ಆದರೆ ಮುಂದಿರುವುದು ಮೂರು ದಾರಿ. ಅಗ್ಗದ್ದೂ ಸುರಕ್ಷಿತವಾದದ್ದೂ ಆದ ದಾರಿ, ಇರುವ ಎಂಜಿನ್ನನ್ನೇ ಪೂರ್ತಿ ಕಟ್ಟಿಸುವುದು. ಬೋರು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಕೂಡಿಸುವುದು, ವಾಲ್ವು ಕೂಡಿಸುವುದು, ಇವೆಲ್ಲ ಟ್ರ್ಯಾಕ್ಟರ್ ಎಂಜಿನ್ನಿಗೂ ಮಾಡುವ ಕೆಲಸಗಳೇ. ಟ್ರ್ಯಾಕ್ಟರಿನ ಸೀಮೆಯಲ್ಲಿ ಇವಕ್ಕೆ ಲೇತ್ ಅಂಗಡಿ ಹುಡುಕುವುದು ಕಷ್ಟವಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ಇದನ್ನೇ ಆರಿಸಿ, ಬೇರೆ ಯೋಚನೆ ಬೇಡ.

ಎರಡನೆಯದು, ಅದೇ ಮಾದರಿಯ ಇನ್ನೊಂದು ಎಂಜಿನ್ ತಂದು ಕೂಡಿಸುವುದು. ಬ್ಲಾಕು ಬಿರುಕು ಬಿಟ್ಟಿದ್ದರೆ ಮಾತ್ರ ಇದು ಸರಿ. ಮೂರನೆಯದು ಬೇರೆ ಎಂಜಿನ್. ಅದನ್ನೇ ಹಾಕುತ್ತೇನೆಂದು ಹಟ ಹಿಡಿದರೆ, ಆ ಗಾಡಿಗೆ ಕಾರ್ಖಾನೆಯೇ ಹಾಕುತ್ತಿದ್ದ ಎಂಜಿನ್ನಿನಾಚೆ ನೋಡಬೇಡಿ. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಡರಿಗೆ 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್ ಕೊಟ್ಟಿತು, ಸುಮಾರು 75 ಅಶ್ವಶಕ್ತಿಯದು, ಜೊತೆಗೆ ಐದು ಗೇರಿನ ಪೆಟ್ಟಿಗೆ. ಕಾರ್ಖಾನೆಯೇ ಕೂಡಿಸಿದ್ದರಿಂದ ಅದರ ಮೌಂಟು, ಶಾಫ್ಟು, ಗೇರಿನ ಜೋಡಣೆಗಳೆಲ್ಲ ಹಳೇ ಗಾಡಿಯೊಂದರಿಂದ ಒಟ್ಟಿಗೇ ಸಿಗಬಹುದು. ಜೀಪಿನವರೂ ಹೀಗೇ ಯೋಚಿಸಿ. ಮಹೀಂದ್ರ ತನ್ನ ಎಂಎಂ 540ಕ್ಕೆ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಹಾಕುತ್ತಿತ್ತು; ಗುರುತಿಲ್ಲದ ಟೆಂಪೋ ಎಂಜಿನ್ನಿಗಿಂತ ಅದು ವಾಸಿ. ಪ್ರೀಮಿಯರ್ ಪದ್ಮಿನಿಯವರು ಮಾತ್ರ ನಿಮ್ಮ 1089 ಸಿಸಿಯನ್ನೇ ಚೆನ್ನಾಗಿ ಕಟ್ಟಿಸಿ ಸುಮ್ಮನಿರಿ. ಆ ಸಣ್ಣ ಮೈಗೆ ದೊಡ್ಡ ಭಾರ ಹೊರಿಸಬೇಡಿ.

ಡೀಸೆಲ್ ಹಾಕಿಸಿದರೆ ಖರ್ಚು ಉಳಿಯುತ್ತದೆ ಅನ್ನುವವರು ಪೆನ್ನು ಹಿಡಿಯಿರಿ. ವರ್ಷಕ್ಕೆ 3,000 ಕಿ.ಮೀ. ಓಡಿಸುತ್ತೀರಿ ಎನ್ನಿ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ 300 ಲೀಟರ್ ಕುಡಿಯುತ್ತದೆ, 15 ಕೊಟ್ಟರೆ 200. ಉಳಿದದ್ದು 100 ಲೀಟರ್. ಅಷ್ಟು ಉಳಿಸಲು ಎಂಜಿನ್, ಪಂಪು, ಕೂಲಿ ಎಂದು ಎಷ್ಟು ವರ್ಷದ ಉಳಿತಾಯವನ್ನು ಮುಂಗಡ ಕೊಡುತ್ತೀರಿ? ಶಕ್ತಿಯಾದರೂ ಹೆಚ್ಚುತ್ತದೆಯೇ ಎಂದರೆ ಅದೂ ಇಲ್ಲ. ಅಂಬಾಸಡರಿನ ಹಳೇ 1489 ಸಿಸಿ ಡೀಸೆಲ್ಲಿಗೆ ಇದ್ದದ್ದು ಸುಮಾರು 37 ಅಶ್ವಶಕ್ತಿ. ದುಡ್ಡೂ ಹೋಯಿತು, ಓಟವೂ ಹೋಯಿತು.

ಇನ್ನು ಕಾನೂನು. ಇಲ್ಲಿ ‘ನೋಡೋಣ ಬಿಡಿ’ ಅನ್ನುವ ಚಾಳಿ ಬೇಡವೇ ಬೇಡ. ಗಾಡಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮೀರಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗಳಿಗೆ ಅನುಮೋದಿತ ಕಿಟ್ ಹಾಕಿಸಲು ಅವಕಾಶವಿದೆ, ಆದರೆ ಬ್ಯಾಟರಿ ಸಣ್ಣ ಬಜೆಟ್ಟಿನ ಮಾತಲ್ಲ. ಎಂಜಿನ್ ಕೊಳ್ಳುವ ಮೊದಲೇ ವಿಜಯಪುರದ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ, ಅನುಮತಿಯನ್ನು ಕಾಗದದ ಮೇಲೆ ಪಡೆಯಿರಿ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ನಮೂದಿಸಿ ವಿಮೆಯವರಿಗೂ ತಿಳಿಸಿ. ಆರ್‌ಸಿಯಲ್ಲಿ ಒಂದು ನಂಬರು, ಬಾನೆಟ್ಟಿನ ಕೆಳಗೆ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯವರೊಂದಿಗೆ ವಾದಿಸಲು ನಿಮ್ಮ ಬಾಯಲ್ಲಿ ಮಾತಿರುವುದಿಲ್ಲ.

ನಿಮ್ಮ ಗಾಡಿ ನೋಂದಣಿಯಾಗಿ 50 ವರ್ಷ ದಾಟಿದ್ದರೆ ಇನ್ನೂ ಎಚ್ಚರ ಬೇಕು. 2021ರ ಕೇಂದ್ರದ ನಿಯಮದಂತೆ ಅಂಥವಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಆದರೆ ಚಾಸಿ, ಮೈ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ದಿನದ ಓಡಾಟಕ್ಕೆ ಅದು ಒದಗುವುದಿಲ್ಲ, ನಿಜ. ಆದರೂ ಆ ದಾರಿ ನಿಮ್ಮ ಮಕ್ಕಳಿಗೆ ತೆರೆದಿರಲಿ ಅನ್ನಿಸಿದರೆ ಹಳೇ ಎಂಜಿನ್ನನ್ನು ಮಾರಿ ಕೈ ತೊಳೆದುಕೊಳ್ಳಬೇಡಿ.

ಹಣದ ಲೆಕ್ಕಕ್ಕೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಗ್ಯಾರೇಜು ನೋಡಿದವರೇ ಇರಬೇಕು. ಕೈಯಲ್ಲಿ ಒಂದು ಲಕ್ಷವಿದ್ದರೆ 60 ಸಾವಿರದ ಕೆಲಸವನ್ನಷ್ಟೇ ಒಪ್ಪಿಕೊಳ್ಳಿ. ಉಳಿದ 40 ತಾನಾಗಿಯೇ ದಾರಿ ಹುಡುಕಿಕೊಂಡು ಹೋಗುತ್ತದೆ. ಬೇರೆ ಎಂಜಿನ್ನೆಂದರೆ ಮೌಂಟು, ಕ್ಲಚ್ಚು, ಶಾಫ್ಟಿನ ಉದ್ದ, ಸೈಲೆನ್ಸರ್, ವೈರಿಂಗ್, ದೊಡ್ಡ ರೇಡಿಯೇಟರ್ ಎಲ್ಲವೂ ಬಾಲದಂತೆ ಹಿಂದೆ ಬರುತ್ತವೆ. ಡೀಸೆಲ್ಲಾದರೆ ಭಾರವೂ ಹೆಚ್ಚು, ಮುಂದಿನ ಸ್ಪ್ರಿಂಗು ಕುಸಿಯುತ್ತದೆ. ಹಿಂದಿನ ಡಿಫರೆನ್ಷಿಯಲ್ಲಿನ ಅನುಪಾತ ಹೊಂದದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ: ಎಂಜಿನ್ ಚೀರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಬ್ರೇಕು. ನಾಲ್ಕೂ ಕಡೆ ಡ್ರಮ್ ಬ್ರೇಕಿರುವ ಗಾಡಿಗೆ ವೇಗ ಹೆಚ್ಚಿಸಿ ನಿಲ್ಲಿಸುವುದನ್ನು ದೇವರಿಗೆ ಬಿಡುತ್ತೀರೇನು? ಮೊದಲು ಬ್ರೇಕು, ಆಮೇಲೆ ರೇಡಿಯೇಟರು, ಕೊನೆಗೆ ಎಂಜಿನ್ನು. ಈ ಕ್ರಮ ತಪ್ಪಬೇಡಿ.

ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳಲು ಹೋದರೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಿರಿ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸ್ಸೆಂದರೆ ರಿಂಗು ಹೋಗಿವೆ. ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಜಿಡ್ಡಿದ್ದರೆ ಆಯಿಲ್ಲಿಗೆ ನೀರು ಸೇರಿದೆ. ನಂಬರನ್ನು ಉಜ್ಜಿದ್ದರೆ ಎಷ್ಟೇ ಅಗ್ಗವಿರಲಿ ಎದ್ದು ಬನ್ನಿ, ಕದ್ದ ಮಾಲಿನ ಪಂಚಾಯಿತಿ ನಮಗೇಕೆ? ಬಿಲ್ಲು ಮತ್ತು ಮೂಲ ಗಾಡಿಯ ಆರ್‌ಸಿ ಪ್ರತಿ ಇಲ್ಲದೆ ಹಣ ಕೊಡಬೇಡಿ. ಮಿಸ್ತ್ರಿಯ ಜೊತೆ ಪ್ರೀತಿಯಿಂದಿರಿ, ಆದರೆ ಏನೇನು ಕೆಲಸ, ಎಷ್ಟು ಕೂಲಿ, ಯಾವಾಗ ಮುಗಿಯಬೇಕು ಎಂಬುದನ್ನು ಬರೆಸಿಕೊಳ್ಳಿ. ಹಣವನ್ನು ಕಂತಿನಲ್ಲಿ ಕೊಡಿ. ಬಿಚ್ಚುವ ಮೊದಲು ಪ್ರತಿ ಜೋಡಣೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಹೆಡ್ಡು ಬಿಚ್ಚಿದಾಗ ಇನ್ನೆರಡು ಕೆಲಸ ಮರೆಯಬೇಡಿ. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತಿತು. ಹಳೇ ಎಂಜಿನ್ನಿನ ವಾಲ್ವು ಕೂರುವ ಜಾಗವನ್ನು ಸವೆತದಿಂದ ಕಾಯುತ್ತಿದ್ದದ್ದು ಆ ಸೀಸ. ಈಗ ಗಟ್ಟಿ ಲೋಹದ ಸೀಟು ಹಾಕಿಸಿದರೆ ಆ ಚಿಂತೆ ತಪ್ಪುತ್ತದೆ. ಎರಡನೆಯದು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ನಮ್ಮ ಕಬ್ಬು ಬೆಳೆಗಾರರಿಗೆ ಅದು ಒಳ್ಳೆಯದೇ, ಹಳೇ ರಬ್ಬರಿಗೆ ಅಲ್ಲ. ಪೈಪು, ಪಂಪಿನ ಡಯಾಫ್ರಂ, ಸೀಲುಗಳನ್ನೆಲ್ಲ ಎಥೆನಾಲ್ ತಾಳುವಂಥದ್ದಕ್ಕೆ ಬದಲಿಸಿ. ತಿಂಗಳುಗಟ್ಟಲೆ ಟಾಂಕಿಯಲ್ಲಿ ಪೆಟ್ರೋಲ್ ಕೂಡಿಟ್ಟರೆ ಎಥೆನಾಲ್ ತೇವ ಹೀರುತ್ತದೆ. ಸ್ವಲ್ಪ ಸ್ವಲ್ಪ ಹಾಕಿ, ಓಡಿಸಿ ಖಾಲಿ ಮಾಡಿ.

ಕಟ್ಟಿದ ಎಂಜಿನ್ ಮನೆಗೆ ಬಂದ ದಿನವೇ ಸೊಲ್ಲಾಪುರದ ಹೆದ್ದಾರಿಗೆ ಇಳಿಸಿ ಗೆಳೆಯರಿಗೆ ವೇಗ ತೋರಿಸಬೇಡಿ. ತಾಳಿದವನು ಬಾಳಿಯಾನು. ಮೊದಲ ಸಾವಿರ ಕಿ.ಮೀ. ಗಂಟೆಗೆ 50ರ ಆಸುಪಾಸಿನಲ್ಲೇ ಇರಿ, ಒಂದೇ ವೇಗದಲ್ಲಿ ಓಡಿಸದೆ ಏರಿಳಿಸಿ, 500ಕ್ಕೆ ಆಯಿಲ್ ಬದಲಿಸಿ, ಹೆಡ್ಡಿನ ಬೋಲ್ಟು ಮತ್ತೆ ಬಿಗಿಸಬೇಕೇ ಎಂದು ಮಿಸ್ತ್ರಿಯನ್ನು ಕೇಳಿ. ವಿಜಯಪುರ, ತಿಕೋಟಾ, ಬಬಲೇಶ್ವರದ ಸುತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಳ್ಳಿ ಬಂದಾಗ ನಿಧಾನಿಸುತ್ತೀರಿ, ಬಯಲಲ್ಲಿ ಸ್ವಲ್ಪ ಬಿಡುತ್ತೀರಿ, ನಡುವೆ ತೋಟದಲ್ಲಿ ನಿಲ್ಲಿಸಿದಾಗ ಗಾಡಿ ತಣಿಯುತ್ತದೆ.

ಇಷ್ಟು ಕೇಳಿ ಸುಮ್ಮನೆ ತಲೆಯಾಡಿಸಿ ಎದ್ದು ಹೋಗಬೇಡಿ. ಇವತ್ತೇ ಕಪಾಟಿನಿಂದ ಆರ್‌ಸಿ ತೆಗೆಯಿರಿ, ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಬಟ್ಟೆಯಿಂದ ಒರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಕೈಯಿಂದ ಕೈಗೆ ಬಂದ ಹಳೇ ಗಾಡಿಯಲ್ಲಿ ಹಿಂದಿನವರು ಯಾರೋ ಎಂಜಿನ್ ಬದಲಿಸಿ ಕಾಗದಕ್ಕೆ ಏರಿಸದೆ ಬಿಟ್ಟಿರಬಹುದು. ಹೊಂದದಿದ್ದರೆ ನಿಮ್ಮ ಮೊದಲ ಖರ್ಚು ಗ್ಯಾರೇಜಿಗಲ್ಲ, ಆರ್‌ಟಿಒ ಕಚೇರಿಯ ಓಡಾಟಕ್ಕೆ. ಹೊಂದಿದರೆ ನಾಳೆ ಕಂಪ್ರೆಷನ್ ಅಳೆಸಿ. ದೊಡ್ಡ ಎಂಜಿನ್ನಿನ ಮಾತು ಆಮೇಲೆ.